ಕೆಡುಕು ಮಾಡದಿರುವ ವೈದ್ಯಧರ್ಮ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ನೆಲೆಯಲ್ಲಿ

ರೋಗಿಗೆ ತನ್ನ ಕೈಯಿಂದ ಕೆಡುಕಾಗದಂತೆ ನೋಡಿಕೊಳ್ಳುವುದು ವೈದ್ಯರಾದವರ ಮೊದಲ ಹೊಣೆ. ವೈದ್ಯನೀತಿಶಾಸ್ತ್ರದಲ್ಲಿ ಇದಕ್ಕೆ ಅಹಾನಿ ತತ್ತ್ವ ಎಂಬ ಹೆಸರಿದೆ. ರೋಗಿಗೆ ನೋವೇ ಆಗಬಾರದು ಎಂದು ಇದರ ಅರ್ಥವಲ್ಲ. ಸೂಜಿ ಚುಚ್ಚಿದರೆ ನೋಯುತ್ತದೆ, ಹೊಟ್ಟೆ ಕೊಯ್ದರೆ ರಕ್ತ ಹೋಗುತ್ತದೆ, ಕ್ಯಾನ್ಸರ್ ಔಷಧಿಗೆ ಕೂದಲು ಉದುರುತ್ತದೆ. ಬರಲಿರುವ ಗುಣದ ಮುಂದೆ ಆ ನೋವು ಸಹಿಸಬಹುದಾದದ್ದಾಗಿದ್ದು, ರೋಗಿಯೂ ತಿಳಿದು ಒಪ್ಪಿದ್ದರೆ ಅದು ಚಿಕಿತ್ಸೆ. ಗುಣ ಕಾಣುವ ಭರವಸೆಯೇ ಇಲ್ಲದೆಡೆ, ಅರೆತಿಳಿವಿನಿಂದಲೋ, ಅವಸರದಿಂದಲೋ, ಹಣದಾಸೆಯಿಂದಲೋ, ಬರೀ ರೂಢಿಬಲದಿಂದಲೋ ಮಾಡಿದ್ದು ಹಾನಿ. ಹಾವೇರಿ ಜಿಲ್ಲೆಯಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಜನರನ್ನು ಕಂಗೆಡಿಸಿದ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ, ಈ ಕೊನೆಯ ಕಾರಣವಾದ ರೂಢಿಯೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಈ ಲೇಖನ ಅದನ್ನೇ ಹೆಚ್ಚು ಗಮನಿಸುತ್ತದೆ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರ ಆಗಸ್ಟ್ 24ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯಾದ ಮೇಲೂ ದೊಡ್ಡ ಕಾಯಿಲೆಯ ದಾರಿ ಬಹಳ ವರ್ಷ ಹಳೆಯದೇ ಆಗಿತ್ತು. ಶಿಗ್ಗಾವಿ, ಸವಣೂರಿನ ಜನ ಹುಬ್ಬಳ್ಳಿಯ ಕಿಮ್ಸ್‌ಗೆ ಓಡುತ್ತಿದ್ದರು. ಹಿರೇಕೆರೂರಿನವರಿಗೆ ಶಿವಮೊಗ್ಗ, ದಾವಣಗೆರೆ ಹತ್ತಿರ. ಹಾವೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ತೀರಾ ಈಚೆಗೆ. ಊರಿನಲ್ಲಿ ಆಶಾ ಕಾರ್ಯಕರ್ತೆ, ಹೋಬಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕಿನಲ್ಲಿ ಸರ್ಕಾರಿ ದವಾಖಾನೆ, ಪೇಟೆಯಲ್ಲಿ ನರ್ಸಿಂಗ್ ಹೋಮ್, ಇವುಗಳ ಸಂದಿಯಲ್ಲಿ ಪದವಿ ಇಲ್ಲದ ‘ಆರ್‌ಎಂಪಿ ಡಾಕ್ಟರು’. ರೋಗಿ ಈ ಯಾವ ಬಾಗಿಲು ತಟ್ಟಿದರೂ ಹಾನಿ ಮಾಡಬಾರದೆಂಬ ನಿಯಮ ಒಂದೇ. ಅದನ್ನು ಕಾಪಾಡುವ ವ್ಯವಸ್ಥೆ ಮಾತ್ರ ಬಾಗಿಲಿಂದ ಬಾಗಿಲಿಗೆ ಬೇರೆಯಾಗುತ್ತದೆ.

ಆಡೂರಿನ ಗಾಯ

2025ರ ಜನವರಿ 14. ಹಾನಗಲ್ಲ ತಾಲ್ಲೂಕಿನ ಆಡೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಏಳು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಕೆನ್ನೆಯ ಮೇಲೆ ಆಳವಾದ ಗಾಯ, ರಕ್ತ ಇಳಿಯುತ್ತಿತ್ತು. ಅಲ್ಲಿದ್ದ ಶುಶ್ರೂಷಾಧಿಕಾರಿ ಹೊಲಿಗೆ ಹಾಕಲಿಲ್ಲ. ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್ ಹಚ್ಚಿ ಗಾಯ ಅಂಟಿಸಿದರು. ಇದೇನು ಮಾಡಿದಿರಿ ಎಂದು ತಂದೆತಾಯಿ ಕೇಳಿದಾಗ ಅವರು ಕೊಟ್ಟ ಕಾರಣ ಎರಡು. ಹೊಲಿಗೆ ಹಾಕಿದರೆ ಮುಖದ ಮೇಲೆ ಕಲೆ ಉಳಿಯುತ್ತದೆ. ತಾನು ಎಷ್ಟೋ ವರ್ಷದಿಂದ ಹೀಗೆಯೇ ಮಾಡಿಕೊಂಡು ಬಂದಿದ್ದೇನೆ. ತಂದೆತಾಯಿ ಆ ಮಾತನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ದೂರು ಕೊಟ್ಟರು. ಮೊದಲು ಆಕೆಯನ್ನು ಗುತ್ತಲದ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಜನ ಸಿಟ್ಟಿಗೆದ್ದ ಮೇಲೆ, ಫೆಬ್ರುವರಿ ಮೊದಲ ವಾರದಲ್ಲಿ, ಅಮಾನತು ಆದೇಶ ಬಂತು. ಹುಡುಗನಿಗೆ ತೊಂದರೆಯಾಗಲಿಲ್ಲ.

ಅಂಟಿನಿಂದ ಗಾಯ ಕೂಡಿಸುವುದು ವೈದ್ಯಶಾಸ್ತ್ರದಲ್ಲಿ ಇಲ್ಲದ ಮಾತಲ್ಲ, ಆದ್ದರಿಂದಲೇ ಈ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಯನೊಅಕ್ರಿಲೇಟ್ ಎಂಬ ರಾಸಾಯನಿಕ ಕುಟುಂಬದಲ್ಲಿ ಎರಡೂ ಬಗೆಯ ಅಂಟುಗಳಿವೆ. ಚಪ್ಪಲಿ, ಪ್ಲಾಸ್ಟಿಕ್, ಪಿಂಗಾಣಿ ಅಂಟಿಸುವ ಮನೆಬಳಕೆಯದ್ದು ಬಹುತೇಕ ಈಥೈಲ್ ಸಯನೊಅಕ್ರಿಲೇಟ್. ಆಸ್ಪತ್ರೆಯ ಅಂಟು ಬ್ಯುಟೈಲ್ ಅಥವಾ ಆಕ್ಟೈಲ್ ಬಗೆಯದು. ಅಣುವಿನ ಸರಪಳಿ ಉದ್ದ. ಗಿಡ್ಡ ಸರಪಳಿಯ ಅಂಟು ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಬೇಗ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳನ್ನು ಬಿಡುತ್ತದೆ, ಅದರಿಂದ ಹಸಿ ಮಾಂಸಕ್ಕೆ ಪೆಟ್ಟಾಗುತ್ತದೆ. ಉದ್ದ ಸರಪಳಿಯದ್ದು ನಿಧಾನವಾಗಿ ಒಡೆಯುವುದರಿಂದ ಚರ್ಮ ತಾಳಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆಕ್ಟೈಲ್ ಅಂಟಿಗೆ ಒಪ್ಪಿಗೆ ಕೊಟ್ಟದ್ದು 1998ರಲ್ಲಿ. ಅದನ್ನೂ ಗಾಯದೊಳಕ್ಕೆ ಸುರಿಯುವಂತಿಲ್ಲ. ಗಾಯ ತೊಳೆದು, ರಕ್ತ ನಿಲ್ಲಿಸಿ, ಎರಡು ಅಂಚುಗಳನ್ನು ಬೆರಳಿನಿಂದ ಕೂಡಿಸಿ ಹಿಡಿದು ಮೇಲ್ಗಡೆ ಮಾತ್ರ ತೆಳುವಾಗಿ ಸವರಬೇಕು. ಕಣ್ಣಿನ ಹತ್ತಿರವಾದರೆ ಇನ್ನಷ್ಟು ಎಚ್ಚರ ಬೇಕು. ಗಾಯ ಆಳವಾಗಿದ್ದರೆ ಒಳಪದರಕ್ಕೆ ಹೊಲಿಗೆಯೇ ಬೇಕು. ಕೊಳೆ ಉಳಿದ ಗಾಯದ ಬಾಯನ್ನು ಅಂಟಿನಿಂದ ಮುಚ್ಚಿದರೆ ಒಳಗೆ ಕೀವು ಕಟ್ಟಲು ನಾವೇ ಜಾಗ ಮಾಡಿಕೊಟ್ಟಂತೆ.

ಆಕೆಯ ಉದ್ದೇಶ ಕೆಟ್ಟದಾಗಿರಲಿಲ್ಲ. ಮಗುವಿನ ಮುಖದ ಮೇಲೆ ಕಲೆ ಉಳಿಯದಿರಲಿ ಎಂಬ ಕಾಳಜಿಯೇ ಅಲ್ಲಿತ್ತು. ಅಹಾನಿ ತತ್ತ್ವ ಕೇಳುವುದು ಇದಕ್ಕಿಂತ ಹೆಚ್ಚಿನದನ್ನು: ನನ್ನ ಕೈಯಲ್ಲಿರುವ ವಸ್ತು ಏನು, ಇದಕ್ಕೆ ಯಾರು ಒಪ್ಪಿಗೆ ಕೊಟ್ಟಿದ್ದಾರೆ, ಇದರಿಂದ ಏನು ಕೆಡಬಹುದು, ಗೊತ್ತಿಲ್ಲದಿದ್ದರೆ ಯಾರನ್ನು ಕೇಳಲಿ? ‘ಇದುವರೆಗೆ ಯಾರಿಗೂ ಏನೂ ಆಗಿಲ್ಲ’ ಎಂಬ ಅನುಭವ ಈ ಪ್ರಶ್ನೆಗಳಿಗೆ ಉತ್ತರವಾಗುವುದಿಲ್ಲ. ಕೀವು ತುಂಬಿದ ಮಗುವನ್ನು ಮನೆಯವರು ಮತ್ತೆ ಅದೇ ಕೇಂದ್ರಕ್ಕೆ ತರಬೇಕೆಂದೇನಿಲ್ಲ. ಹಾನಗಲ್ಲಕ್ಕೋ ಹುಬ್ಬಳ್ಳಿಗೋ ಕರೆದೊಯ್ದಿರುತ್ತಾರೆ. ಅಂಟು ಹಚ್ಚಿದ ಕೈಗೆ ಅದು ಗೊತ್ತಾಗುವುದೇ ಇಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ವರ್ಷಗಟ್ಟಲೆ ಹೀಗೆ ನಡೆದಿತ್ತೆಂಬುದು ನಿಜವಾಗಿದ್ದರೆ, ಅಷ್ಟು ವರ್ಷ ಮೇಲ್ವಿಚಾರಣೆ ಮಾಡಬೇಕಾದವರ ಕಣ್ಣಿಗೆ ಅದು ಬೀಳಲಿಲ್ಲವೇಕೆ? ಒಬ್ಬ ಶುಶ್ರೂಷಾಧಿಕಾರಿಯ ಅಮಾನತಿನಿಂದ ಈ ಪ್ರಶ್ನೆ ಮುಗಿಯುವುದಿಲ್ಲ.

ಹಳೆಯ ಗ್ರಂಥಗಳಲ್ಲಿ

ಗಾಯದ ಬಾಯಿ ಕೂಡಿಸುವ ಚಿಂತೆ ಬಹಳ ಹಳೆಯದು. ಸುಶ್ರುತ ಸಂಹಿತೆ ಕರುಳಿನ ಗಾಯದ ಅಂಚುಗಳಿಗೆ ಕರಿಯ ಇರುವೆಗಳಿಂದ ಕಚ್ಚಿಸಿ, ಮೈ ಕಿತ್ತು, ತಲೆಯನ್ನು ಅಲ್ಲೇ ಬಿಡುವ ವಿಧಾನವನ್ನು ಹೇಳುತ್ತದೆ. ಅದೇ ಗ್ರಂಥ, ಶಿಷ್ಯ ಮನುಷ್ಯನ ಮೇಲೆ ಶಸ್ತ್ರವಿಡುವ ಮೊದಲು ಕುಂಬಳಕಾಯಿ, ಸೋರೆಕಾಯಿಯಂಥವುಗಳ ಮೇಲೆ ಕೊಯ್ಯುವುದನ್ನು, ಬಟ್ಟೆ ಮತ್ತು ಮೆದು ತೊಗಲಿನ ಮೇಲೆ ಹೊಲಿಯುವುದನ್ನು ಕಲಿಯಬೇಕೆಂದು ವಿಧಿಸುತ್ತದೆ. ಕಲಿಕೆಯ ತಪ್ಪುಗಳನ್ನು ರೋಗಿಯ ಮೈ ಹೊರಬಾರದು ಎಂಬ ಆ ವಿವೇಕ ಇಂದಿನ ವೈದ್ಯಕೀಯ ಕಾಲೇಜುಗಳ ಕೃತಕ ಮೈಗಳ ಹಿಂದೆಯೂ ಇದೆ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಕೊಡುವ ದೀಕ್ಷಾವಚನವಿದೆ: ತನ್ನ ಜೀವಕ್ಕೆ ಕುತ್ತು ಬಂದರೂ ರೋಗಿಗೆ ದ್ರೋಹ ಬಗೆಯಬಾರದು, ರೋಗಿಯ ಮನೆಯ ವಿಷಯ ಹೊರಗೆ ಆಡಬಾರದು. ನಿದಾನಸ್ಥಾನದ ಇನ್ನೊಂದು ವಿಚಾರ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಒಂದು ರೋಗ ತಗ್ಗಿಸಿ ಮತ್ತೊಂದನ್ನು ಎಬ್ಬಿಸುವ ಚಿಕಿತ್ಸೆಯನ್ನು ಅದು ಶುದ್ಧ ಚಿಕಿತ್ಸೆಯೆಂದು ಒಪ್ಪುವುದಿಲ್ಲ. ಆದರೆ ಅದೇ ದೀಕ್ಷಾವಚನದಲ್ಲಿ ಗಂಡನೋ ಪೋಷಕನೋ ಜೊತೆಗಿಲ್ಲದ ಹೆಂಗಸಿಗೆ ಮದ್ದು ಕೊಡಬೇಡ ಎಂಬ ಮಾತೂ ಇದೆ. ಹೆಣ್ಣಿನ ಮೈಯ ಮೇಲೆ ಬೇರೆಯವರ ಒಪ್ಪಿಗೆ ನಡೆಯುವ ಈ ಪದ್ಧತಿಯ ನೆರಳು ಎಷ್ಟು ಉದ್ದಕ್ಕೆ ಚಾಚಿದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಕನ್ನಡದಲ್ಲಿ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಜೈನರ ಅಹಿಂಸೆಗೆ ತಕ್ಕಂತೆ ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ವೈದ್ಯಗ್ರಂಥ. ಅಲ್ಲಿ ಹಾನಿಯ ವಿಚಾರ ರೋಗಿಯನ್ನೂ ದಾಟಿ ಮದ್ದಿಗಾಗಿ ಸಾಯುವ ಜೀವಿಗಳವರೆಗೆ ಹೋಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ಬರೆದ ಖಗೇಂದ್ರಮಣಿದರ್ಪಣ ಪೂರಾ ವಿಷವೈದ್ಯಕ್ಕೇ ಮೀಸಲು.

ಗ್ರೀಸಿನ ಹಿಪೊಕ್ರಟಿಸನ ಹೆಸರಿನಲ್ಲಿರುವ ಪ್ರತಿಜ್ಞೆಯಲ್ಲಿ ‘ಮೊದಲು ಹಾನಿ ಮಾಡಬೇಡ’ ಎಂಬ ವಾಕ್ಯವಿದೆಯೆಂದು ಹಲವರು ಬರೆಯುತ್ತಾರೆ. ಆ ಮಾತುಗಳಲ್ಲಿ ಅದು ಅಲ್ಲಿಲ್ಲ. ಉಪಕಾರ ಮಾಡು, ಇಲ್ಲವಾದರೆ ಅಪಕಾರವನ್ನಾದರೂ ಮಾಡಬೇಡ ಎಂಬ ಆಶಯ ಇರುವುದು ಅದೇ ಪರಂಪರೆಯ ‘ಎಪಿಡೆಮಿಕ್ಸ್’ ಎಂಬ ಬೇರೊಂದು ಗ್ರಂಥದಲ್ಲಿ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಒಂದು ಸಂಗತಿ ಕಂಡುಕೊಂಡರು. ಶವಪರೀಕ್ಷೆ ಮಾಡಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರ ಕೈಗಳೇ ಬಾಣಂತಿಯರಿಗೆ ಸಾವು ತರುತ್ತಿದ್ದವು. ಕ್ಲೋರಿನ್ ನೀರಿನಲ್ಲಿ ಕೈತೊಳೆಸಿದ ಮೇಲೆ ಸಾವು ಇಳಿಯಿತು. ಆದರೂ ಬಹುಪಾಲು ಸಹೋದ್ಯೋಗಿಗಳು ಅವರ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯೇ ಕೊಲ್ಲುತ್ತಿದೆ ಎಂದು ಒಪ್ಪಿಕೊಳ್ಳುವುದು ಯಾವ ವೈದ್ಯರಿಗೂ ಸುಲಭವಲ್ಲ. ನಾತ್ಸಿ ವೈದ್ಯರ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. 1979ರಲ್ಲಿ ನೀತಿಶಾಸ್ತ್ರಜ್ಞರಾದ ಬೋಷಾಂ ಮತ್ತು ಚಿಲ್ಡ್ರೆಸ್ ತಮ್ಮ ಪುಸ್ತಕದಲ್ಲಿ ರೋಗಿಯ ಸ್ವಾಯತ್ತತೆ, ಹಿತ ಮಾಡುವುದು, ಹಾನಿ ಮಾಡದಿರುವುದು, ನ್ಯಾಯ ಎಂಬ ನಾಲ್ಕು ತತ್ತ್ವಗಳನ್ನು ಹೊಂದಿಸಿಟ್ಟರು. ಇಂದು ವೈದ್ಯವಿದ್ಯಾರ್ಥಿಗಳು ಓದುವುದು ಹೆಚ್ಚಾಗಿ ಆ ಚೌಕಟ್ಟನ್ನೇ.

ಗರ್ಭಕೋಶ ತೆಗೆಸಿಕೊಂಡವರು

ಈ ನಾಲ್ಕು ತಾಲ್ಲೂಕುಗಳ ಪಕ್ಕದ ರಾಣೆಬೆನ್ನೂರಿನಲ್ಲಿ ನಡೆದದ್ದು ಕರ್ನಾಟಕದ ವೈದ್ಯನೀತಿಯ ಇತಿಹಾಸದಲ್ಲೇ ಭಾರವಾದ ಅಧ್ಯಾಯ. ಅಲ್ಲಿನ ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರವರೆಗೆ ಒಂದೂವರೆ ಸಾವಿರದಷ್ಟು ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಯಿತು ಎಂಬುದು ಆರೋಪ. ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳ ಕೂಲಿಕಾರ್ತಿಯರು, ನಡುಹರೆಯವನ್ನೂ ದಾಟದವರು. ಹೊಟ್ಟೆನೋವು, ಬಿಳಿಮುಟ್ಟು, ಹೆಚ್ಚು ರಕ್ತಸ್ರಾವ ಎಂದು ಹೋದವರಿಗೆ ಗರ್ಭಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂಬ ಭಯ ಹುಟ್ಟಿಸಲಾಯಿತು ಎಂದು ಅವರು ಹೇಳಿಕೊಂಡರು. ತನಿಖೆಗಳು ನಡೆದವು, ವೈದ್ಯರ ಅಮಾನತಾಯಿತು. ಹೆಂಗಸರು ವರ್ಷಗಟ್ಟಲೆ ಪರಿಹಾರಕ್ಕಾಗಿ ಬೀದಿಗಿಳಿದರು. ಇದೇ ಅವಧಿಯಲ್ಲಿ, 2015ರ ಸುಮಾರಿಗೆ, ಕಲಬುರಗಿಯ ಖಾಸಗಿ ಆಸ್ಪತ್ರೆಗಳ ಮೇಲೂ ಇಂಥದೇ ಆರೋಪ ಬಂದು ರಾಜ್ಯದಲ್ಲಿ ದೊಡ್ಡ ಚಳವಳಿ ಎದ್ದಿತ್ತು.

ಇದರಲ್ಲಿ ಹಾನಿ ಎಂಬುದು ನಿಖರವಾಗಿ ಯಾವುದು? ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ತಾನಾಗಿ ತಪ್ಪಲ್ಲ. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆಗಳಾದಾಗ, ಹೆರಿಗೆಯಲ್ಲಿ ರಕ್ತ ನಿಲ್ಲದೇ ಹೋದಾಗ ಅದು ಜೀವ ಉಳಿಸುತ್ತದೆ. ಆದರೆ ಬಿಳಿಮುಟ್ಟಿಗೆ ಸೋಂಕಿನ ಔಷಧಿ ಇದೆ. ಹೆಚ್ಚು ರಕ್ತಸ್ರಾವಕ್ಕೆ ಗುಳಿಗೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನವಿದೆ. ಇವನ್ನೆಲ್ಲ ಬಿಟ್ಟು ನೇರ ಕತ್ತರಿಗೆ ಕೈಹಾಕಿದರೆ ಹಾನಿ ಅಲ್ಲಿಂದಲೇ ಶುರು. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂವತ್ತರ ಹೆಂಗಸಿಗೆ ಒಂದೇ ದಿನದಲ್ಲಿ ಮುಟ್ಟು ನಿಲ್ಲುತ್ತದೆ, ಮೈ ಬಿಸಿಯೇರುತ್ತದೆ, ನಿದ್ದೆ ಕೆಡುತ್ತದೆ, ಎಲುಬು ವಯಸ್ಸಿಗೆ ಮೊದಲೇ ಸವೆಯತೊಡಗುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಕೂಲಿಗೆ ಹೋಗಿ ಬಗ್ಗಿ ಕಳೆ ತೆಗೆಯಬೇಕಾದವಳಿಗೆ ಸೊಂಟ ಹಿಡಿದರೆ ಆ ದಿನದ ಸಂಬಳವಿಲ್ಲ. ತಜ್ಞರ ಪಟ್ಟಿಯಲ್ಲಿ ‘ಅಡ್ಡಪರಿಣಾಮ’ ಎನಿಸಿಕೊಳ್ಳುವುದು ತಾಂಡಾದ ಮನೆಯಲ್ಲಿ ಸಾಲ, ಮಗಳ ಶಾಲೆ ಬಿಡಿಸುವುದು, ಮಾತ್ರೆಗೆ ದುಡ್ಡಿಲ್ಲದ ತಿಂಗಳು ಎಂಬ ರೂಪ ತಾಳುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಪ್ರಕರಣಗಳ ಮೇಲೆ ವೈದ್ಯರೊಬ್ಬರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ತೀರ್ಮಾನಿಸಿತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೊಳಿಸಬೇಕೆಂದು ಹೇಳಿತು. ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡುವ ಸಮಿತಿಗಳ ವ್ಯವಸ್ಥೆ ಆ ಮಾರ್ಗಸೂಚಿಯಲ್ಲಿದೆ. ಯಾರೋ ಲೆಕ್ಕ ನೋಡುತ್ತಾರೆ ಎಂಬ ಅರಿವು ವೈದ್ಯರ ಕೈಯನ್ನು ಒಂದು ಗಳಿಗೆ ತಡೆದರೂ ಸಾಕು, ಎಷ್ಟೋ ಹೆಂಗಸರು ಉಳಿದುಕೊಳ್ಳುತ್ತಾರೆ.

ಸಿಸೇರಿಯನ್ ಹೆರಿಗೆಗೂ ಇದೇ ಪ್ರಶ್ನೆ ಹೊಂದುತ್ತದೆ. ಅದೇ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5ರಷ್ಟು ಸಿಸೇರಿಯನ್, ಹಿಂದಿನ ಸಮೀಕ್ಷೆಯಲ್ಲಿ ಶೇ. 23.6 ಇತ್ತು. ಶಸ್ತ್ರಚಿಕಿತ್ಸೆ ಸರಿಯಾಗಿ ನಡೆದರೂ ಬೇರೆಡೆಯಿಂದ ಹಾನಿ ನುಗ್ಗಬಹುದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ತೀರಿಕೊಂಡಾಗ ಅನುಮಾನ ಹೋದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಬಾಟಲಿಯ ಮೇಲಿನ ಚೀಟಿಯನ್ನು ನಂಬುವುದು ಬಿಟ್ಟರೆ ವಾರ್ಡಿನ ವೈದ್ಯರಿಗೆ ಬೇರೆ ದಾರಿ ಇರುವುದಿಲ್ಲ. ಆಗ ಅಹಾನಿಯ ಹೊಣೆ ಔಷಧಿ ಕೊಳ್ಳುವವರ, ಪರೀಕ್ಷಿಸುವವರ, ದಾಸ್ತಾನು ತಡೆಹಿಡಿಯಬೇಕಾದವರ ಹೆಗಲಿಗೂ ಬರುತ್ತದೆ.

ಸೂಜಿ, ಬಾಟ್ಲಿ ಮತ್ತು ಹಾವು

ಸವಣೂರು, ಶಿಗ್ಗಾವಿ ಕಡೆಯ ಯಾವ ದವಾಖಾನೆಯಲ್ಲಿ ಅರ್ಧ ತಾಸು ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: “ಡಾಕ್ಟ್ರ, ಗುಳಿಗಿ ಬ್ಯಾಡ್ರಿ, ಒಂದ್ ಸೂಜಿ ಮಾಡಿಬಿಡ್ರಿ. ನಾಳೆ ಹೊಲಕ್ಕ ಹೋಗಬೇಕು.” ಇಲ್ಲವೆ, “ಅವ್ವಗ ಭಾಳ ಸುಸ್ತ ಐತ್ರಿ, ಒಂದ್ ಬಾಟ್ಲಿ ಹಚ್ಚರಿ.” ಆ ಬೇಡಿಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ದಿನಗೂಲಿಯವನಿಗೆ ನಾಳೆಯೇ ಏಳಬೇಕು. ಆದರೆ ನೆಗಡಿ ಜ್ವರಕ್ಕೆ ಸೂಜಿಯಿಂದ ವಿಶೇಷ ಉಪಯೋಗವಿಲ್ಲ, ಬಾಯಿಂದ ಗಂಜಿ ಕುಡಿಯಬಲ್ಲ ಅಜ್ಜಿಗೆ ಗ್ಲೂಕೋಸ್ ಬಾಟಲಿಯಿಂದ ಶಕ್ತಿ ಬರುವುದಿಲ್ಲ. ಬೇಗ ಆರಾಮ ಕಾಣಲಿ ಎಂದು ಸ್ಟೀರಾಯ್ಡ್ ಬೆರೆಸಿದರೆ ಜ್ವರವೇನೋ ಇಳಿಯುತ್ತದೆ, ಒಳಗಿನ ಸೋಂಕು ಮರೆಯಲ್ಲಿ ಬೆಳೆಯುತ್ತದೆ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುತ್ತದೆ. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗರ್‌ಮಾವ್‌ನಲ್ಲಿ ಪದವಿಯಿಲ್ಲದ ಒಬ್ಬನು ಒಂದೇ ಸೂಜಿಯನ್ನು ಹಲವರಿಗೆ ಚುಚ್ಚಿ ಹಲವರಿಗೆ ಎಚ್‌ಐವಿ ತಗುಲಿಸಿದ ಆರೋಪ ಹೊರಬಿದ್ದದ್ದು 2018ರಲ್ಲಿ. ಕೇಳಿದ್ದನ್ನು ಕೊಟ್ಟು ಕಳಿಸುವುದು ಒಂದು ನಿಮಿಷದ ಕೆಲಸ. ‘ಬೇಡ್ರಿ ಯಜಮಾನ್ರ, ಇದಕ್ಕ ಗುಳಿಗೀನ ಸಾಕು’ ಎಂದು ತಿಳಿಸಿ ಹೇಳಲು ಐದು ನಿಮಿಷ ಬೇಕು, ಹೊರಗೆ ಅರವತ್ತು ಮಂದಿ ಚೀಟಿ ಹಿಡಿದು ನಿಂತಿರುತ್ತಾರೆ. ಆ ಐದು ನಿಮಿಷ ಕೊಡುವ ವೈದ್ಯರು ಈ ಸೀಮೆಯಲ್ಲಿ ಇದ್ದಾರೆ. ‘ಕೈಗುಣ’ ಎಂಬ ಮಾತು ನಿಜವಾಗಿ ಸಲ್ಲಬೇಕಾದದ್ದು ಅಂಥವರಿಗೆ.

ಆರ್‌ಎಂಪಿ ಎಂಬ ಹೆಸರಿನ ಬಗ್ಗೆ ಒಂದು ಮಾತು. ಕಾನೂನಿನಲ್ಲಿ ಆ ಮೂರಕ್ಷರ ನೋಂದಾಯಿತ ವೈದ್ಯರನ್ನು ಸೂಚಿಸುತ್ತವೆ. ಹಳ್ಳಿಯಲ್ಲಿ ನೋಂದಣಿಯೇ ಇಲ್ಲದವರಿಗೆ ಆ ಹೆಸರು ಅಂಟಿಕೊಂಡಿದೆ. ಹೋಮಿಯೋಪತಿ ಪದವೀಧರರೊಬ್ಬರು ಅಲೋಪತಿ ಔಷಧಿ ಕೊಟ್ಟು ರೋಗಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ಸ್ಪಷ್ಟವಾಗಿದೆ: ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆಗೆ ಇಳಿಯುವುದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಕಿಲ್ಲ.

ಏನೂ ಮಾಡದೆ ಕೂತರೆ ಹಾನಿಯಿಲ್ಲ ಎಂದು ತಿಳಿಯುವುದೂ ತಪ್ಪು. ಇದಕ್ಕೆ ಹಾವಿನ ಕಡಿತಕ್ಕಿಂತ ಒಳ್ಳೆಯ ನಿದರ್ಶನ ಇಲ್ಲಿ ಸಿಗದು. ಹಿರೇಕೆರೂರು, ಹಾನಗಲ್ಲದ ಗೋವಿನಜೋಳದ ಹೊಲಗಳಲ್ಲಿ, ಭತ್ತದ ಗದ್ದೆಗಳಲ್ಲಿ ಮಳೆಗಾಲ ಎಂದರೆ ಹಾವಿನ ಕಾಲವೂ ಹೌದು. ಊರಿನಲ್ಲಿ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬೇರು ಅರೆದು ಹಚ್ಚುವುದು ನಡೆಯುತ್ತದೆ. ಅದರಿಂದ ಕಾಲು ಕೊಳೆಯಬಹುದು, ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿ ಕೊಯ್ದ ಗಾಯ ನಿಲ್ಲದೆ ಸುರಿಯಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗಬಹುದಾದ ತಪ್ಪು ಬೇರೆ ಬಗೆಯದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸಲ್ಲುವ ಪ್ರತಿವಿಷ ಕಪಾಟಿನಲ್ಲಿ ಇರುತ್ತದೆ. ಅದು ಕೆಲವರಿಗೆ ಒಗ್ಗದೆ ತೀವ್ರ ಅಲರ್ಜಿಯಾಗುತ್ತದೆ. ಆ ಭಯಕ್ಕೆ, ಹಾಗಾದರೆ ಜನ ಮೈಮೇಲೆ ಬರುತ್ತಾರೆಂಬ ಭಯವೂ ಸೇರಿ, ‘ಹುಬ್ಬಳ್ಳಿಗೆ ಒಯ್ಯಿರಿ’ ಎಂದು ಚೀಟಿ ಬರೆದರೆ ಬರೆದವರ ಕೈಯಿಂದ ಏನೂ ಕೆಟ್ಟದ್ದಾಗಲಿಲ್ಲ. ಆದರೆ ರೋಗಿಯ ಉಸಿರು ದಾರಿಯಲ್ಲಿ ನಿಲ್ಲಬಹುದು. ಅಡ್ರಿನಲಿನ್ ಸಿರಿಂಜು ಪಕ್ಕದಲ್ಲಿಟ್ಟುಕೊಂಡು ಮೊದಲ ಬಾಟಲಿಗಳನ್ನು ಅಲ್ಲಿಯೇ ಏರಿಸಿ, ಆಮೇಲೆ 108ರಲ್ಲಿ ಕಳಿಸುವುದು ಅಹಾನಿ ತತ್ತ್ವಕ್ಕೆ ಒಪ್ಪುವ ನಡೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದ ಮೇಲೆ ಎಲ್ಲಿ ಎಷ್ಟು ಪ್ರತಿವಿಷ ಬೇಕೆಂಬ ಲೆಕ್ಕಕ್ಕೆ ಆಧಾರ ಸಿಗತೊಡಗಿದೆ.

ಜನ ತಾವೇ ಮುಂದಾಗಿ ಹಾನಿ ತಪ್ಪಿಸುವ ಕೆಲಸವೂ ಇಲ್ಲಿ ನಡೆದಿದೆ. ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರು ರಕ್ತದಾನಿಗಳ ಊರೆಂದು ಹೆಸರಾಗಿದೆ. ದುಡ್ಡಿಗೆ ರಕ್ತ ಕೊಡುವವರು ಕಾಯಿಲೆ ಮುಚ್ಚಿಡುವ ಸಂಭವ ಹೆಚ್ಚು. ಅದಕ್ಕೇ ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ರಕ್ತದ ಮಾರಾಟ ನಿಂತಿತು. ಸ್ವಇಚ್ಛೆಯಿಂದ ಮತ್ತೆ ಮತ್ತೆ ಬಂದು ಕೊಡುವವರ ರಕ್ತವೇ ಎಲ್ಲಕ್ಕಿಂತ ಸುರಕ್ಷಿತ.

ಒಪ್ಪಿಗೆ, ಕಾನೂನು, ದೂರು

ಶಸ್ತ್ರಚಿಕಿತ್ಸೆಯ ಮುನ್ನ ಸಹಿ ಹಾಕಿಸುವ ಕಾಗದ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಕೆಳಗೆ ಹೆಬ್ಬೆಟ್ಟು ಬೀಳುತ್ತದೆ. ಇದನ್ನು ಒಪ್ಪಿಗೆ ಎನ್ನಲು ಮನಸ್ಸು ಬಾರದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳಲ್ಲಿ ಒಪ್ಪಿಗೆ ಕೊಡುವವರ ಪಟ್ಟಿಯಲ್ಲಿ ಗಂಡ ಅಥವಾ ಹೆಂಡತಿ ಮೊದಲು ಬರುತ್ತಾರೆ, ಮಕ್ಕಳಾದರೆ ಪೋಷಕರು, ರೋಗಿ ಕೊನೆಗೆ. ಚರಕನ ಕಾಲದ ನೆರಳು ಇಷ್ಟು ದೂರ ಬಂದಿದೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬೇರೆಯದೇ ದಿಕ್ಕು ಕೊಟ್ಟಿತು. ದೆಹಲಿಯ ಸಮೀರಾ ಕೊಹ್ಲಿ ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ಪ್ರಾಪ್ತವಯಸ್ಕ ರೋಗಿಯ ಪರವಾಗಿ, ತುರ್ತಿಲ್ಲದಾಗ, ತಾಯಿಯೂ ಒಪ್ಪಿಗೆ ಕೊಡಲಾರಳು. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ನಡೆಯದು ಎಂದಿತು ನ್ಯಾಯಾಲಯ. ರಾಣೆಬೆನ್ನೂರಿನ ಹೆಂಗಸರ ಪ್ರಶ್ನೆಯೂ ಇದರ ಹತ್ತಿರದ್ದೇ: ಭಯದಲ್ಲಿ, ಬೇರೆ ದಾರಿ ಇದೆಯೆಂದೇ ತಿಳಿಯದೆ ಒತ್ತಿದ ಹೆಬ್ಬೆಟ್ಟಿಗೆ ಏನು ಬೆಲೆ?

ವೈದ್ಯರ ಸೇವೆ ಗ್ರಾಹಕ ಕಾಯಿದೆಗೆ ಒಳಪಡುತ್ತದೆಂದು 1995ರ ನವೆಂಬರಿನಲ್ಲಿ ತೀರ್ಪಾಯಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳನ್ನು ಮಾತ್ರ ಹೊರಗಿಟ್ಟರು. ಆಡೂರಿನಂಥ ಕೇಂದ್ರಕ್ಕೆ ಹೋಗುವ ಬಡವರಿಗೆ ಹೀಗಾಗಿ ಆ ದಾರಿ ಬಹುಪಾಲು ಮುಚ್ಚಿದೆ. ಕ್ರಿಮಿನಲ್ ಮೊಕದ್ದಮೆಗೆ ಮಾನದಂಡ ಇನ್ನೂ ಮೇಲಿನದು. ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ನಿರ್ಲಕ್ಷ್ಯ ತೀವ್ರ ಸ್ವರೂಪದ್ದಾಗಿರಬೇಕು, ಮೊದಲು ಬೇರೊಬ್ಬ ವೈದ್ಯರ ಅಭಿಪ್ರಾಯ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ, ನಿರ್ಲಕ್ಷ್ಯದಿಂದಾದ ಸಾವಿಗೆ ಸಾಮಾನ್ಯರಿಗೆ ಐದು ವರ್ಷದವರೆಗೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಸೆರೆವಾಸ ಗೊತ್ತುಮಾಡಿದೆ. ವೈದ್ಯರಿಗೆ ಈ ರಕ್ಷಣೆ ಬೇಕೆಂದೇ ನಾನು ಭಾವಿಸುತ್ತೇನೆ. ಪ್ರತಿ ಸಾವಿಗೂ ಪೊಲೀಸು ಬಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರೂ ಪ್ರತಿವಿಷದ ಬಾಟಲಿ ಒಡೆಯುವುದಿಲ್ಲ. ಆದರೆ ಆ ರಕ್ಷಣೆಯ ಜೊತೆಗೆ ದೂರು ಕೇಳುವ ಕಿವಿಯೂ ಹತ್ತಿರದಲ್ಲಿರಬೇಕು. ನಡತೆಯ ದೂರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು ಇರುವುದು ಬೆಂಗಳೂರಿನಲ್ಲಿ. ಹಿರೇಕೆರೂರಿನಿಂದ ರಾತ್ರಿ ಬಸ್ಸು ಹತ್ತಬೇಕು. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ಮುಂದೆ ಬಂದ ತಿದ್ದುಪಡಿಯ ಪ್ರಕಾರ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ಹಾವೇರಿಯಲ್ಲೇ ಸಿಗುತ್ತದೆ. ಅದೇ ತಿದ್ದುಪಡಿಯ ವಿರುದ್ಧ 2017ರ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿ ಹೊರರೋಗಿ ವಿಭಾಗಗಳನ್ನು ಮುಚ್ಚಿದ್ದರು. ಆ ದಿನಗಳಲ್ಲಿ ಚಿಕಿತ್ಸೆ ಸಿಗದೆ ಅಲೆದವರ ಕಷ್ಟವೂ ಈ ವಿಷಯದ ಲೆಕ್ಕಕ್ಕೆ ಸೇರಬೇಕು.

2002ರ ನಿಯಮಗಳಲ್ಲಿರುವ ಒಂದು ಹಕ್ಕು ಹಳ್ಳಿಗಳಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಒಳರೋಗಿಯ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟಿರಬೇಕು. ರೋಗಿಯೋ ಅವರ ಕಡೆಯ ಅಧಿಕೃತ ವ್ಯಕ್ತಿಯೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಏನು ಕೊಟ್ಟರು, ಏನು ಕೊಯ್ದರು, ಯಾಕೆ ಕೊಯ್ದರು ಎಂಬುದು ಆ ಹಾಳೆಗಳಲ್ಲಿರುತ್ತದೆ. ಆಡೂರಿನಲ್ಲಿ ಅಂಥ ಹಾಳೆ ಕೇಳುವ ಪ್ರಮೇಯ ಬರಲಿಲ್ಲ. ಗಾಯಕ್ಕೆ ಏನು ಹಚ್ಚಿದಿರಿ ಎಂದು ಮನೆಯವರು ನಿಂತ ಜಾಗದಲ್ಲೇ ಕೇಳಿದರು. ಉತ್ತರ ಮೊಬೈಲಿನಲ್ಲಿ ಉಳಿಯಿತು.